ಭರಣಿಯ ಹಿಂದೆ ರಾಣಿ

ಭರಣಿ ಸುರಿದರೆ ಧರಣಿ ಬದುಕೀತು ಅನ್ನುತ್ತಾರೆ. ಧರಣಿಯ ಕತೆ ಹೇಗೋ, ಹೋದ ವರ್ಷ ಭರಣಿ ಮಳೆ ಸುರಿದಾಗ ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ನನ್ನ ಮಾನವಂತೂ ಚರಂಡಿ ಸೇರಿತು.

ಮೊದಲೇ ಒಂದು ತಪ್ಪೊಪ್ಪಿಗೆ. ಮುಚ್ಚಿಟ್ಟದ್ದನ್ನು ತೆರೆದು ನೋಡದೆ ಇರುವುದು ನನ್ನ ಕೈಲಾಗದ ಕೆಲಸ. ಅನ್ನ ಬೇಯುವ ಮೊದಲೇ ಮುಚ್ಚಳ ಎತ್ತುತ್ತೇನೆ, ದೋಸೆ ಏಳುವ ಮೊದಲೇ ಸಟ್ಟುಗ ತೂರಿಸುತ್ತೇನೆ, ಹೆಪ್ಪು ಹಾಕಿದ ಹಾಲನ್ನು ನಡುರಾತ್ರಿ ಎದ್ದು ಅಲ್ಲಾಡಿಸುತ್ತೇನೆ. ಅಮ್ಮ ಬೇಸಿಗೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಬಿಗಿದು, ಉಗ್ರಾಣದ ಕತ್ತಲೆಯಲ್ಲಿ ಇಟ್ಟಳೆಂದರೆ ಆಮೇಲೆ ಅವಳು ಕಾಯುವುದು ಭರಣಿಯನ್ನಲ್ಲ, ನನ್ನನ್ನು.

ಇಂಥವನಿಗೆ ಇರುವೆ ಸಾಕುವ ಹುಚ್ಚು ಹತ್ತಿತು. ಮೂಲ ಕಾರಣ ಮಗ. ಬೇಸಿಗೆ ರಜೆಯಲ್ಲಿ, ಯಾರೋ ಗಾಜಿನ ನಳಿಗೆಯಲ್ಲಿ ಇರುವೆ ಸಂಸಾರ ಸಾಕಿದ ವಿಡಿಯೊ ನೋಡಿ "ನಂಗೂ ಬೇಕು" ಅಂದ. ನಾಯಿ ಕೇಳಲಿಲ್ಲವಲ್ಲ, ಪುಣ್ಯ ಅಂದುಕೊಂಡು ಒಪ್ಪಿದೆ. ಮೂರನೇ ದಿನಕ್ಕೆ ಅವನ ಮನಸ್ಸು ಕ್ರಿಕೆಟ್ಟಿಗೆ ಹಾರಿತು. ನನ್ನದು ಇರುವೆಯ ಮೇಲೇ ಕೂತಿತು.

ಸಾಲಿನಲ್ಲಿ ಓಡಾಡುವ ಇರುವೆಗಳನ್ನು ಎಷ್ಟು ಹಿಡಿದು ತಂದರೂ ಸಂಸಾರ ಆಗುವುದಿಲ್ಲ. ಅವೆಲ್ಲ ದುಡಿದು ಸಾಯುವ ಹೆಣ್ಣುಮಕ್ಕಳು. ವಂಶ ಬೆಳೆಸುವವಳು ರಾಣಿ, ಅವಳು ಆಕಾಶ ನೋಡುವುದು ಜನ್ಮಕ್ಕೊಮ್ಮೆ, ಮದುವೆಯ ದಿನ. ಮುಹೂರ್ತಕ್ಕೆ ಪಂಚಾಂಗ ಬೇಡ. ಬಿರುಬೇಸಿಗೆಯ ನಡುವೆ ಒಂದು ಒಳ್ಳೆಯ ಮಳೆ ಬಿದ್ದು, ನೆಲ ಮೆತ್ತಗಾಗಿ, ಗಾಳಿ ಸುಮ್ಮನಾಗಿ, ಸೆಕೆ ಮಾತ್ರ ಉಳಿದಿರಬೇಕು. ಆಗ ಸುತ್ತಮುತ್ತಲಿನ ಒಂದೇ ಜಾತಿಯ ಗೂಡುಗಳಿಂದ ರೆಕ್ಕೆಯ ಗಂಡು ಹೆಣ್ಣು ಒಟ್ಟಿಗೆ ಏಳುತ್ತವೆ. ಎಲ್ಲ ಮನೆಯವರೂ ಒಂದೇ ದಿನ ಹೊರಟರೆ ಬೇರೆ ಮನೆಯ ಸಂಬಂಧ ಕುದುರುವುದು ಸುಲಭ. ಒಟ್ಟಿನಲ್ಲಿ ಸಾಮೂಹಿಕ ವಿವಾಹ, ಅದೂ ಖರ್ಚಿಲ್ಲದೆ.

ಮೊದಲ ಸಂಜೆ ಬೀದಿದೀಪದ ಕೆಳಗೆ ರೆಕ್ಕೆಹುಳಗಳ ಜಾತ್ರೆ. ಹನ್ನೆರಡು ರಾಣಿಯರನ್ನು ಬಾಟಲಿಗೆ ತುಂಬಿ, ದಂಡೆತ್ತಿ ಗೆದ್ದವನಂತೆ ಮನೆಗೆ ಬಂದೆ. ಅಮ್ಮ ಕನ್ನಡಕ ಏರಿಸಿ ನೋಡಿದಳು.

"ಇದು ಗೆದ್ದಲು ಮಾರಾಯ. ಬಾಗಿಲು ತಿನ್ನಿಸ್ಲಿಕ್ಕೆ ತಂದ್ಯಾ?"

ಅವಳು ಹೇಳಿದ್ದೇ ಸರಿ. ಗೆದ್ದಲಿನ ನಾಲ್ಕೂ ರೆಕ್ಕೆ ಒಂದೇ ಅಳತೆ, ಸೊಂಟ ಅನ್ನುವುದೇ ಇಲ್ಲ, ಮೀಸೆ ಮಣಿ ಪೋಣಿಸಿದ ಹಾಗೆ ನೆಟ್ಟಗೆ. ಇರುವೆಗಾದರೆ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು, ಸೊಂಟ ಎಳೆಯಷ್ಟು, ಮೀಸೆ ಮೊಣಕೈಯ ಹಾಗೆ ಮಡಚಿಕೊಂಡಿರುತ್ತದೆ. ಎರಡಕ್ಕೂ ನೆಂಟಸ್ತಿಕೆಯೂ ಅಷ್ಟಕ್ಕಷ್ಟೇ. ಗೆದ್ದಲು ಜಿರಲೆಯ ದಾಯಾದಿ, ಇರುವೆ ಕಣಜದ ದಾಯಾದಿ. ಹನ್ನೆರಡು ಜಿರಲೆ ನೆಂಟರನ್ನು ಮರ್ಯಾದೆಯಿಂದ ಬೀದಿಗೆ ಬಿಟ್ಟು ಬಂದೆ.

ಎರಡನೇ ರಾತ್ರಿ ಮೊಣಕಾಲೂರಿ, ಟಾರ್ಚು ಹಿಡಿದು ಚರಂಡಿ ಕಟ್ಟೆಯ ಪಕ್ಕ ಹುಡುಕುತ್ತಿದ್ದಾಗ ಎದುರುಮನೆಯ ನಿವೃತ್ತ ಮೇಷ್ಟರು ಹೊರಗೆ ಬಂದರು.

"ಏನು ಕಳಕೊಂಡ್ರಿ?"

"ಏನಿಲ್ಲ, ರಾಣಿ ಹುಡುಕ್ತಿದೀನಿ."

"ಛೇ ಛೇ, ಯಾವಾಗಿಂದ ಕಾಣ್ತಿಲ್ಲ?"

ನಾನು ಬಿಡಿಸಿ ಹೇಳುವ ಮೊದಲೇ ಅವರು ಮಗನನ್ನು ಕೂಗಿದರು, ಮಗ ಪಕ್ಕದವರನ್ನು ಕೂಗಿದ. ಹತ್ತು ನಿಮಿಷದಲ್ಲಿ ಆರು ಟಾರ್ಚು "ರಾಣೀ, ಬಾ ಬಾ, ಚು ಚು" ಅನ್ನುತ್ತ ಬೀದಿಯುದ್ದಕ್ಕೂ ಓಡಾಡಿದವು. ಒಬ್ಬರು ಬಿಸ್ಕತ್ತೂ ತಂದರು. "ಯಾವ ಬ್ರೀಡು?" ಎಂದು ಕೇಳಿದ ಹುಡುಗನಿಗೆ "ಕ್ಯಾಂಪೊನೋಟಸ್ ಕಂಪ್ರೆಸಸ್" ಅಂದುಬಿಟ್ಟೆ. "ಫಾರಿನ್ನಿರಬೇಕು" ಅಂದ. ನಮ್ಮ ಕಡೆ ಗೊದ್ದ ಅನ್ನುವ ದೊಡ್ಡ ಕರಿಯಿರುವೆಯ ಶಾಸ್ತ್ರೀಯ ಹೆಸರು ಅದು. ನಿಜ ಸಂಗತಿ ಹೊರಬಿದ್ದ ಮೇಲೆ ಯಾರೂ ನಗಲಿಲ್ಲ. ಎಲ್ಲರೂ ನನ್ನ ಹೆಂಡತಿಯ ಕಡೆ ಮರುಕದಿಂದ ನೋಡಿದರು. ಅದಕ್ಕಿಂತ ನಕ್ಕಿದ್ದರೇ ವಾಸಿ ಇತ್ತು.

ಮೂರನೇ ರಾತ್ರಿ ಸಿಕ್ಕಿದ್ದು ನಿಜವಾದ ಇರುವೆಗಳೇ, ಆದರೆ ಗಂಡು. ತಲೆ ಸಣ್ಣದು, ಮೈ ಬಡಕಲು, ರೆಕ್ಕೆ ಮಾತ್ರ ಭರ್ಜರಿ, ಬಾಡಿಗೆ ಕೋಟು ತೊಟ್ಟ ವರನ ಹಾಗೆ. ಗಂಡಿರುವೆ ಹುಟ್ಟುವುದು ಗಂಡಿನ ಸಂಪರ್ಕವೇ ಇಲ್ಲದ ಮೊಟ್ಟೆಯಿಂದ. ಹಾಗಾಗಿ ಅವನಿಗೆ ಅಪ್ಪ ಇಲ್ಲ, ತಾಯಿಯ ಅಪ್ಪ ಮಾತ್ರ ಇದ್ದಾನೆ. ಇದನ್ನು ಹೇಳಿದಾಗ ಅಮ್ಮ ಹೂಬತ್ತಿ ಹೊಸೆಯುತ್ತಿದ್ದ ಕೈ ನಿಲ್ಲಿಸಿ, "ಹಂಗಾದ್ರೆ ಗೋತ್ರ ಯಾವುದು ಅಂತ ಹೇಳ್ತಾರೆ?" ಅಂದಳು. ಉತ್ತರ ಹೇಳಬೇಕಾದ ಗಂಡುಗಳು ಬೆಳಗಾಗುವಷ್ಟರಲ್ಲಿ ಕಾಲು ಚಾಚಿದ್ದವು. ಸಾಯುವ ಕಾಲಕ್ಕೆ ಇರುವೆಗೆ ರೆಕ್ಕೆ ಬಂತು ಅನ್ನುವ ಗಾದೆ ಕಟ್ಟಿದವರು ಇವನನ್ನೇ ನೋಡಿ ಕಟ್ಟಿರಬೇಕು.

ರಾಣಿಯನ್ನು ಮಾತ್ರ ಅವರು ನೋಡಿರಲಿಲ್ಲ. ಮೂರು ದಿನ ಊರೆಲ್ಲ ಹುಡುಕಿಸಿದವಳು ನಾಲ್ಕನೇ ದಿನ ನಮ್ಮ ತುಳಸಿಕಟ್ಟೆಯ ಮೇಲೇ ನಡೆದು ಬಂದಳು. ಹೆಚ್ಚುಕಡಿಮೆ ಮುಕ್ಕಾಲು ಅಂಗುಲದ ಜೀವ, ಕುಸ್ತಿಪಟುವಿನಂಥ ಎದೆ. ಸ್ವಲ್ಪ ನಡೆದು ನಿಂತಳು. ಒಂದು ಬದಿಗೆ ವಾಲಿ, ಕಾಲಿನಿಂದ ರೆಕ್ಕೆಯ ಬುಡಕ್ಕೆ ಒತ್ತು ಕೊಟ್ಟಳು. ರೆಕ್ಕೆ ಬಿಲ್ಲಿನಂತೆ ಬಾಗಿತು, ಮತ್ತೆ ನೆಟ್ಟಗಾಯಿತು. ಇನ್ನೊಮ್ಮೆ ಒತ್ತಿದಳು. ಈರುಳ್ಳಿ ಸಿಪ್ಪೆಯ ಹಾಗೆ ಕಳಚಿ ಬಿತ್ತು. ನಾಲ್ಕನೆಯದು ಬಿದ್ದ ಮೇಲೆ ಮೀಸೆ ಒರೆಸಿಕೊಂಡು, ತನ್ನದೇ ರೆಕ್ಕೆಯನ್ನು ತುಳಿದುಕೊಂಡು ಮುಂದೆ ಹೋದಳು. ಹಳೆಯ ಸ್ಕೂಟರ್ ಮಾರಿದ ದಿನ ಗೇಟಿನವರೆಗೂ ಹಿಂದೆ ಹೋಗಿ ಕಣ್ಣೊರೆಸಿಕೊಂಡವನು ನಾನು.

ಅವಳ ಲೆಕ್ಕಾಚಾರವೇ ಬೇರೆ. ಒಂದೇ ದಿನದ ಮದುವೆಯಲ್ಲಿ ಪಡೆದ ವೀರ್ಯವನ್ನು ಹೊಟ್ಟೆಯೊಳಗಿನ ಪುಟ್ಟ ಚೀಲದಲ್ಲಿ ಕಾಪಿಟ್ಟು ಜೀವಮಾನವೆಲ್ಲ ಬಳಸುತ್ತಾಳೆ. ಯುರೋಪಿನ ಲೇಸಿಯಸ್ ನೈಗರ್ ಎಂಬ ಕರಿಯಿರುವೆಯ ರಾಣಿಯೊಬ್ಬಳು ಸಾಕಿದವರ ಮನೆಯಲ್ಲಿ 28 ವರ್ಷಕ್ಕೂ ಹೆಚ್ಚು ಬದುಕಿದ್ದುಂಟು. ಗೊದ್ದದ ರಾಣಿ ನೆಲದೊಳಗೆ ಬಾಗಿಲು ಹಾಕಿಕೊಂಡು ಕೂತಳೆಂದರೆ ಮೊದಲ ಮಕ್ಕಳು ದೊಡ್ಡವಾಗುವ ತನಕ ಊಟಕ್ಕೆ ಏಳುವುದಿಲ್ಲ. ಬೇಡವಾದ ರೆಕ್ಕೆಯ ಸ್ನಾಯುಗಳೇ ಎದೆಯೊಳಗೆ ಕರಗಿ, ಅವಳಿಗೂ ಮಕ್ಕಳಿಗೂ ಬುತ್ತಿಯಾಗುತ್ತವೆ. ಆ ಕುಸ್ತಿ ಎದೆಯ ಗುಟ್ಟು ಅದು.

ಸಾಕುವವನ ಕೆಲಸವೂ ಅಷ್ಟೇ ಸರಳ. ಗಾಜಿನ ನಳಿಗೆಯ ತಳಕ್ಕೆ ನೀರು, ಅದರ ಮೇಲೆ ಹತ್ತಿಯ ಬಿರಡೆ, ಆಮೇಲೆ ರಾಣಿ, ಬಾಯಿಗೆ ಇನ್ನೊಂದಿಷ್ಟು ಹತ್ತಿ. ಕತ್ತಲೆಯಲ್ಲಿಟ್ಟು ಮರೆತುಬಿಡಬೇಕು. ಉಗ್ರಾಣದಲ್ಲಿ, ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟೆ. ಮರೆಯುವುದೊಂದು ಬಾಕಿ ಉಳಿಯಿತು.

ಅದೇ ವಾರ ಹೆಂಡತಿ ಪೇಪರು ತಂದು ಮುಂದೆ ಹಿಡಿದಳು. ಕೀನ್ಯಾದಲ್ಲಿ ಸುಮಾರು 5,000 ರಾಣಿ ಇರುವೆಗಳನ್ನು ಹತ್ತಿ ತುರುಕಿದ ನಳಿಗೆಗಳಲ್ಲಿ ಇಟ್ಟುಕೊಂಡಿದ್ದ ಬೆಲ್ಜಿಯಂನ ಇಬ್ಬರು ಹತ್ತೊಂಬತ್ತರ ಹುಡುಗರಿಗೆ 2025ರ ಮೇ ತಿಂಗಳಲ್ಲಿ ಶಿಕ್ಷೆಯಾಗಿತ್ತು: ತಲಾ 10 ಲಕ್ಷ ಶಿಲಿಂಗ್ ದಂಡ, ಇಲ್ಲವೇ 12 ತಿಂಗಳು ಜೈಲು. "ನಿಮ್ಮದು ಒಂದೇ ಅಲ್ವಾ, ಡಿಸ್ಕೌಂಟ್ ಸಿಗಬಹುದು" ಅಂದಳು.

ನನಗೆ ಶಿಕ್ಷೆ ಕೊಟ್ಟವಳು ರಾಣಿಯೇ. ನಳಿಗೆಗೆ ಸೇರಿಸಿದ ನಾಲ್ಕನೇ ದಿನ ಐದು ಮೊಟ್ಟೆ ಕಂಡವು, ಗಂಧಸಾಲೆ ಅಕ್ಕಿಯ ನುಚ್ಚಿನಂತೆ. ಸಂಭ್ರಮ ತಡೆಯಲಾಗದೆ ಬೆಳಿಗ್ಗೆ ನೋಡಿದೆ, ಮಧ್ಯಾಹ್ನ ನೋಡಿದೆ, ರಾತ್ರಿ ಟಾರ್ಚು ಬಿಟ್ಟು ನೋಡಿದೆ. ಚೆನ್ನಾಗಿ ಕಾಣಲೆಂದು ತಿರುಗಿಸಿ ನೋಡಿದೆ. ಮರುದಿನ ಮೂರು ಇದ್ದವು, ಅದರ ಮರುದಿನ ಒಂದೂ ಇರಲಿಲ್ಲ. ಬೆದರಿದ ರಾಣಿ ತನ್ನ ಮೊಟ್ಟೆ ತಾನೇ ತಿನ್ನುತ್ತಾಳೆ. ಮನೆ ಅಲುಗಾಡುವ ಕಡೆ ಮಕ್ಕಳು ಯಾಕೆ ಎಂಬ ತೀರ್ಮಾನ.

ಆ ದಿನ ನಾನು ಊಟ ಬಿಟ್ಟೆ. ಅಮ್ಮ ಬಂದು ನಳಿಗೆಗೆ ಹಳೆಯ ಬಟ್ಟೆ ಸುತ್ತಿ ಭರಣಿಯ ಹಿಂದೆ ಮತ್ತೆ ಇಟ್ಟು, ಉಗ್ರಾಣಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಳು.

"ಉಪ್ಪಿನಕಾಯಿಯಾಗ್ಲಿ, ಬಾಣಂತಿಯಾಗ್ಲಿ, ಕೆದಕಿದ್ರೆ ಕೆಡ್ತದೆ."

ಕೃತ್ತಿಕೆ ಕಳೆಯಿತು, ರೋಹಿಣಿ ಕಳೆಯಿತು, ಮೃಗಶಿರ, ಆರಿದ್ರಾ ಕಳೆದವು. ನಾನು ಅನ್ನದ ಮುಚ್ಚಳವನ್ನೂ ಎತ್ತದೆ ತಪಸ್ಸು ಮಾಡಿದೆ. ಪುನರ್ವಸು ಹಿಡಿದು ಹೊರಗೆ ಧೋ ಎಂದು ಸುರಿಯುತ್ತಿದ್ದ ಮಧ್ಯಾಹ್ನ ಅಮ್ಮ ಉಗ್ರಾಣ ತೆರೆದು ಭರಣಿ ಹೊರತೆಗೆದಳು, ಹಿಂದಿನಿಂದ ನಳಿಗೆಯನ್ನೂ. ಮೆಲ್ಲಗೆ ಬಟ್ಟೆ ಸರಿಸಿದೆ. ರಾಣಿಯ ಸುತ್ತ ಎಳ್ಳುಕಾಳಿಗಿಂತ ತುಸು ದೊಡ್ಡ, ಬಡಕಲು ಕಾಲಿನ ಇರುವೆಮರಿಗಳು. ತಾಯಿ ಕೂಡಿಟ್ಟ ಬುತ್ತಿಯಲ್ಲೇ ಬೆಳೆದ ಚೊಚ್ಚಲ ಕೂಸುಗಳು ಹೀಗೆ ಕುಳ್ಳಗೇ ಇರುತ್ತವೆ. ಉಸಿರು ಬಿಗಿಹಿಡಿದು ಎಣಿಸತೊಡಗಿದೆ. ಒಂದು, ಎರಡು, ಮೂರು...

"ಏಳು" ಅಂದಳು ಅಮ್ಮ, ಭರಣಿಯ ಬಟ್ಟೆ ಬಿಚ್ಚುತ್ತ, ನಳಿಗೆಯ ಕಡೆ ತಿರುಗಿಯೂ ನೋಡದೆ. "ನಿನ್ನೆ ಆರಿತ್ತು."

ನಾನು ಅವಳ ಮುಖ ನೋಡಿದೆ. ಅವಳು ಮಿಡಿಯೊಂದನ್ನು ಎತ್ತಿ ಹದ ನೋಡುವುದರಲ್ಲಿ ಬಹಳ ಮುಳುಗಿಹೋಗಿದ್ದಳು.