ಸೇತುವೆ ಹಾರಿದ ಬಸ್ಸು

ಶಿವಮೊಗ್ಗದ ಆರ್‌ಟಿಓ ಮೈದಾನದಲ್ಲಿ ಭಾವನ ಮೊಪೆಡ್ ಮೇಲೆ ಕೂತು ಎಂಟು ಹಾಕಲು ಹೋಗಿ, ಆರೂವರೆಯ ಹತ್ತಿರ ಬಂದು ಕಾಲೂರಿ ಫೇಲಾದೆ. ಅದೇ ದಿನ ರಾತ್ರಿ ಶಿಕಾಗೊ ನಗರದ ನಟ್ಟನಡುವೆ ಸಿಟಿ ಬಸ್ಸೊಂದನ್ನು ಓಡಿಸಿಕೊಂಡು ಹೋಗಿ, ಬಾಯಿ ತೆರೆದು ನಿಂತಿದ್ದ ಸೇತುವೆಯನ್ನು ಹಾರಿ ಆಚೆ ದಡದಲ್ಲಿ ಇಳಿಸಿದೆ. ಇದು 2000ನೇ ಇಸವಿಯ ಮಾತು. ಎರಡರಲ್ಲಿ ಯಾವುದು ನನ್ನ ನಿಜವಾದ ಯೋಗ್ಯತೆ ಎಂಬ ವಿಷಯದಲ್ಲಿ ನನಗೂ ಆರ್‌ಟಿಓ ಇನ್‌ಸ್ಪೆಕ್ಟರಿಗೂ ಭಿನ್ನಾಭಿಪ್ರಾಯವಿತ್ತು.

ಭಾವನದು ದುರ್ಗಿಗುಡಿಯಲ್ಲಿ ಡಿಟಿಪಿ ಅಂಗಡಿ. ಹಗಲೆಲ್ಲ ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ. ರಾತ್ರಿ ಒಂಬತ್ತಕ್ಕೆ ಷಟರ್ ಅರ್ಧ ಎಳೆದು ಭಾವ ಊಟಕ್ಕೆ ಹೋದರೆಂದರೆ ಕಂಪ್ಯೂಟರು ನನ್ನದು ಮತ್ತು ಒಂಬತ್ತು ವರ್ಷದ ಸೋದರಳಿಯನದು. 'ಮಿಡ್‌ಟೌನ್ ಮ್ಯಾಡ್‌ನೆಸ್' ಎಂಬ ಆಟದ ಸಿ.ಡಿ. ಯಾರ ಕೈಯಿಂದ ಯಾರ ಕೈಗೆ ದಾಟಿ ನಮ್ಮಲ್ಲಿಗೆ ಬಂತೋ, ವಿಚಾರಿಸುವ ಪದ್ಧತಿ ಆಗ ಇರಲಿಲ್ಲ. ನಾನು ಡ್ರೈವರು, ಅವನು ಕ್ಲೀನರು. ಸ್ಟೂಲಿನ ಮೇಲೆ ಮಂಡಿಯೂರಿ ಮೂಲೆಯ ನಕ್ಷೆ ನೋಡುತ್ತಾ "ಮಾವ, ರೈಟು! ರೈಟು!" ಎಂದು ಕೂಗುವುದು ಅವನ ಕೆಲಸ. ಮೂರು ತಿಂಗಳಲ್ಲಿ ಕೀಬೋರ್ಡಿನ ಮೇಲ್ಬಾಣದ ಗುರುತು ಅಳಿಸಿಯೇ ಹೋಯಿತು. ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿ, "ಲಗ್ನಪತ್ರಿಕೆಗೆ ಮೇಲ್ಬಾಣ ಎಲ್ಲಿ ಬೇಕಾಗತ್ತಯ್ಯಾ?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ.

ಅಲ್ಲಿಯವರೆಗೆ ನಾವು ಕಂಡ ರೇಸಿನ ಆಟಗಳಲ್ಲಿ ರಸ್ತೆಗೆ ಎರಡೂ ಕಡೆ ಗೋಡೆ. ಕೊಟ್ಟ ದಾರಿಯಲ್ಲಿ ಸುತ್ತು ಹಾಕಬೇಕು, ಗಾಣದೆತ್ತಿನ ಹಾಗೆ. 1999ರಲ್ಲಿ ಬಂದ ಈ ಆಟ ಊರಿಗೆ ಊರನ್ನೇ ಬಿಚ್ಚಿ ಹರಡಿಬಿಟ್ಟಿತ್ತು. ಕ್ಯಾಲಿಫೋರ್ನಿಯಾದ ಏಂಜೆಲ್ ಸ್ಟುಡಿಯೋಸ್‌ನವರು ಮಾಡಿದ್ದು, ಮೈಕ್ರೋಸಾಫ್ಟ್ ಹೊರತಂದದ್ದು. ಪ್ಯಾರಿಸ್ಸಿನ ಗಿಜಿಗುಡುವ ರಸ್ತೆಯೊಂದನ್ನು ದಾಟಲು ಹೆಣಗುತ್ತಿದ್ದಾಗ ಮೈಕ್ರೋಸಾಫ್ಟಿನ ಇಬ್ಬರಿಗೆ ಇದು ಹೊಳೆಯಿತಂತೆ. ನಾವು ದಿನಾ ಬಿ.ಎಚ್. ರಸ್ತೆ ದಾಟುತ್ತೇವೆ, ಏನೂ ಹೊಳೆಯುವುದಿಲ್ಲ. ಬದುಕಿ ಆಚೆ ಹೋದರೆ ಸಾಕಾಗಿರುತ್ತದೆ.

ಆಟದ ಶಿಕಾಗೊ ತುಂಬ ಹೆಸರಾಂತ ಕಟ್ಟಡಗಳಿದ್ದವು. 110 ಅಂತಸ್ತಿನ ಸಿಯರ್ಸ್ ಟವರು, ಸೋಲ್ಜರ್ ಫೀಲ್ಡ್ ಕ್ರೀಡಾಂಗಣ, ಕಬ್ಬಿಣದ ಕಾಲುಗಳ ಮೇಲೆ ರಸ್ತೆಯ ನೆತ್ತಿಯಲ್ಲೇ ಗಡಗಡಿಸುವ ರೈಲು. ಪಾದಚಾರಿಗಳೂ ಇದ್ದರು. ಅವರ ವಿಶೇಷವೆಂದರೆ, ಎಷ್ಟೇ ಪ್ರಯತ್ನಪಟ್ಟರೂ ಗುದ್ದಲಾಗುತ್ತಿರಲಿಲ್ಲ. ಕೊನೆಯ ಕ್ಷಣದಲ್ಲಿ ಚಂಗನೆ ಪಕ್ಕಕ್ಕೆ ಹಾರಿಬಿಡುತ್ತಿದ್ದರು. ಅಮೆರಿಕದವರಿಗೆ ಇದು ಉತ್ಪ್ರೇಕ್ಷೆ ಎನಿಸಿರಬಹುದು. ಗೋಪಿ ಸರ್ಕಲ್ಲಿನಲ್ಲಿ ಬೆಳೆದ ನಮಗೆ ಇಡೀ ಆಟದಲ್ಲಿ ಅತ್ಯಂತ ವಾಸ್ತವ ಅನ್ನಿಸಿದ್ದು ಅದೇ.

ಸೋದರಳಿಯ ದೊಡ್ಡವನಾಗಿ ಎಂಜಿನಿಯರಾದ. ಕಾಕತಾಳೀಯವೋ, ಸ್ಟೂಲಿನ ಋಣವೋ, ಕೆಲಸ ಸಿಕ್ಕಿದ್ದು ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿ. 2023ರ ಬೇಸಿಗೆಗೆ ಅವನ ಹೆಂಡತಿಯ ಬಾಣಂತನ ಬಂತು. ಒಬ್ಬಳೇ ವಿಮಾನ ಹತ್ತಲು ಹೆದರಿದ ಅಕ್ಕನ ಜೊತೆಗೆ, ಮೆಣಸಿನ ಸಾರಿನ ಪುಡಿ ಮತ್ತು ಅಂಟಿನುಂಡೆಯ ಡಬ್ಬಗಳ ಕಾವಲಿಗೆ, ನಾನೂ ಹೊರಟೆ. ವಿಮಾನದಲ್ಲಿ ಅಕ್ಕ, "ಗೊತ್ತಿಲ್ಲದ ಊರು ಕಣೋ" ಎಂದಳು. "ನನಗೆ ಗೊತ್ತು" ಎಂದೆ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಇವತ್ತಿಗೂ ಯಾವ ಕಡೆ ಮುಖ ಮಾಡಿ ನಿಂತಿದ್ದೇನೆಂದು ತಿಳಿಯದ ಮನುಷ್ಯ ಆಡಿದ ಮಾತು ಅದು.

ಮೊದಲ ವಾರ ಹಗಲು ರಾತ್ರಿ ತಿರುಗುಮುರುಗು. ಬೆಳಗಿನ ಜಾವ ಎರಡಕ್ಕೆ ನನಗೆ ಎಚ್ಚರ, ಕೂಸಿಗೂ ಎಚ್ಚರ, ಆದ್ದರಿಂದ ಅವರಪ್ಪನಿಗೂ ಎಚ್ಚರ. ಕೂಸನ್ನು ಹೆಗಲಿಗೆ ಹಾಕಿಕೊಂಡು ಅವನು, ಶಬ್ದ ಬಂದ್ ಮಾಡಿದ ಟಿವಿಯಲ್ಲಿ ನನಗೆ ಹೊಸ ಆಟಗಳನ್ನು ತೋರಿಸಿದ. 2018ರ 'ಫೋರ್ಜಾ ಹೊರೈಜನ್ 4'ರಲ್ಲಿ ಎಡಿನ್‌ಬರೊ ನೋಡಿ ನನ್ನ ಬಾಯಿ ಮುಚ್ಚಲಿಲ್ಲ. ಮಳೆಗೆ ತೊಯ್ದ ಕಲ್ಲುಹಾಸು, ಬಂಡೆಯ ಮೇಲಿನ ಕೋಟೆ. ಆದರೆ ಊರ ಹೊರಗೆ ಕಾಲಿಟ್ಟರೆ ಮಿಕ್ಕ ಬ್ರಿಟನ್ನು, ಒಗೆದ ಉಣ್ಣೆಯ ಸ್ವೆಟರಿನಂತೆ ಕುಗ್ಗಿ, ಅಲ್ಲೇ ಪಕ್ಕದಲ್ಲಿ ಬಿದ್ದಿದೆ. 'ದಿ ಕ್ರೂ' ಎಂಬ 2014ರ ಆಟದಲ್ಲಿ ಇಡೀ ಅಮೆರಿಕವೇ ಇತ್ತು. ಪೂರ್ವದ ಕಡಲಿಂದ ಪಶ್ಚಿಮದ ಕಡಲಿಗೆ ಹೆಚ್ಚುಕಡಿಮೆ ಒಂದು ಗಂಟೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗಲೂ ಅದಕ್ಕಿಂತ ಹೊತ್ತು ಬೇಕು. (ಮರುವರ್ಷ ಕಂಪನಿಯವರು ಸರ್ವರ್ ನಿಲ್ಲಿಸಿದರು. ಕಡಲಿಂದ ಕಡಲಿಗೆ ಅಮೆರಿಕ ಒಂದೇ ದಿನದಲ್ಲಿ ಮುಳುಗಿತು, ದ್ವಾರಕೆಯ ಹಾಗೆ.)

"ಇದ್ದದ್ದು ಇದ್ದ ಹಾಗೆ ಮಾಡಿದ್ರೆ ಯಾರೂ ಆಡಲ್ಲ ಮಾವ" ಎಂದ. ನಿಜವಾದ ಊರಿನ ರಸ್ತೆ ಇನ್ನೂರು ಕಿಲೋಮೀಟರ್ ವೇಗಕ್ಕೆ ಇಕ್ಕಟ್ಟು; ಆದ್ದರಿಂದ ಅಗಲಿಸುತ್ತಾರೆ. ಎರಡು ಕಟ್ಟಡಗಳ ನಡುವಿನ ಬೇಸರದ ಎಂಟು ಬೀದಿಗಳನ್ನು ನುಂಗಿಹಾಕುತ್ತಾರೆ. ನಾವು ನೆಂಟರಿಗೆ ಊರು ತೋರಿಸುವಾಗ ಮಾಡುವುದೂ ಇದನ್ನೇ ತಾನೆ? ಸಕ್ರೆಬೈಲಿನ ಆನೆ, ಜೋಗದ ನೀರು, ನಡುವಿನ ಹಾದಿಯಲ್ಲಿ ನೆಂಟರಿಗೆ ನಿದ್ದೆ. ಒಹಾಹು ದ್ವೀಪವನ್ನು ಉಪಗ್ರಹದ ಮಾಹಿತಿ ಇಟ್ಟುಕೊಂಡು ಸಾವಿರದಾರುನೂರು ಕಿಲೋಮೀಟರ್ ರಸ್ತೆ ಸಮೇತ ಕಟ್ಟಿದ 2006ರ ಆಟವೊಂದಿದೆ. ಅದರಲ್ಲಿ ಅವನು ಎಷ್ಟೋ ಸಲ ಬರೀ ರಸ್ತೆ ನೋಡುತ್ತಾ ಆಕಳಿಸಿದ್ದುಂಟಂತೆ. ನಿಷ್ಠೆ ಜಾಸ್ತಿಯಾದರೆ ಹೀಗೆ.

ನನಗೆ ಹೆಚ್ಚು ಹಿಡಿಸಿದ್ದು ಅವನು ಹೇಳಿದ ಇನ್ನೊಂದು ಸಂಗತಿ. 2000ದಲ್ಲಿ ಬಂದ 'ಮೆಟ್ರೊಪೊಲಿಸ್ ಸ್ಟ್ರೀಟ್ ರೇಸರ್' ಆಟ ಯಂತ್ರದೊಳಗಿನ ಗಡಿಯಾರವನ್ನೇ ನೋಡಿಕೊಳ್ಳುತ್ತಿತ್ತು. ನೀವು ಮಧ್ಯಾಹ್ನ ಆಡಲು ಕೂತರೂ, ಆ ಹೊತ್ತಿಗೆ ಟೋಕಿಯೊದಲ್ಲಿ ರಾತ್ರಿಯಾಗಿದ್ದರೆ ಆಟದ ಟೋಕಿಯೊದಲ್ಲೂ ರಾತ್ರಿಯೇ. ಬೆಳಗಿನ ಜಾವ ಎರಡಕ್ಕೆ, ಶಿವಮೊಗ್ಗದ ಮಧ್ಯಾಹ್ನ ಹನ್ನೆರಡೂವರೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಅನ್ನ-ಸಾರು ಹುಡುಕುತ್ತಿದ್ದ ನನಗೆ ಆ ಆಟದ ಮೇಲೆ ಸಹೋದರ ಭಾವನೆ ಬಂತು.

ಶನಿವಾರ ಬೆಳಗ್ಗೆ ಪೇಟೆಗೆ ಹೊರಟೆವು. ದೂರದಲ್ಲಿ ಕಪ್ಪು ಗೋಪುರ ಕಂಡದ್ದೇ ತಡ, "ಸಿಯರ್ಸ್ ಟವರು!" ಎಂದು ಕೂಗಿದೆ. "ಈಗ ವಿಲ್ಲಿಸ್ ಟವರ್ ಮಾವ, 2009ರಿಂದ." ಸೋಲ್ಜರ್ ಫೀಲ್ಡ್ ಬಂತು. ನಾನು ಬಲ್ಲ ಹಳೆಯ ಕಂಬಸಾಲು ಹಾಗೇ ಇತ್ತು, ಆದರೆ ಅದರ ನಡುವೆ ಯಾರೋ ಮದುವೆ ಮನೆಯ ದೊಡ್ಡ ಸ್ಟೀಲ್ ಕೊಪ್ಪರಿಗೆ ತಂದಿಟ್ಟಿದ್ದರು. 2003ರ ನವೀಕರಣವಂತೆ. ಮಿಚಿಗನ್ ಅವೆನ್ಯೂ ಪಕ್ಕದಲ್ಲಿ ಜನ ಒಂದು ಭಾರೀ ಕನ್ನಡಿಯ ಬೀಜದ ಸುತ್ತ ನಿಂತು ತಮ್ಮ ಸೊಟ್ಟ ಮುಖಗಳ ಫೋಟೊ ತೆಗೆದುಕೊಳ್ಳುತ್ತಿದ್ದರು. "ಇದು ಇಲ್ಲಿರಲಿಲ್ಲ" ಎಂದು ಪಟ್ಟು ಹಿಡಿದೆ. ಇರಲಿಲ್ಲ ನಿಜ, ಆ ಉದ್ಯಾನ ತೆರೆದದ್ದೇ 2004ರಲ್ಲಿ, ಮುಂಚೆ ರೈಲಿನ ಹಳಿಗಳೂ ಕಾರು ನಿಲ್ಲಿಸುವ ಜಾಗವೂ ಇದ್ದವಂತೆ. ನನ್ನ ಶಿಕಾಗೊದಲ್ಲಿ ಎಲ್ಲವೂ 1999ರಲ್ಲೇ ನಿಂತಿತ್ತು. ವಿದೇಶದಲ್ಲಿರುವವರು ಊರಿಗೆ ಬಂದು "ಇಲ್ಲೊಂದು ಹುಣಸೇಮರ ಇತ್ತಲ್ಲ" ಎಂದು ನಮ್ಮ ತಲೆ ತಿನ್ನುತ್ತಾರಲ್ಲ, ನಾನು ಅದನ್ನೇ ಉಲ್ಟಾ ಮಾಡುತ್ತಿದ್ದೆ. ಅದೂ ಕಾಲಿಡದ ಊರಿನಲ್ಲಿ.

ಆದರೂ ಊರಿನ ಮೂಳೆ ಬದಲಾಗಿರಲಿಲ್ಲ. ಫೋನಿನ ಜಿಪಿಎಸ್ ಬಾಯಿ ಬಿಡುವ ಮೊದಲೇ "ಮುಂದೆ ನದಿ ಬರತ್ತೆ" ಎಂದೆ. ಬಂತು! ಅಕ್ಕ ಹಿಂದಿನ ಸೀಟಿನಿಂದ ನನ್ನನ್ನು ಮೊದಲ ಬಾರಿಗೆ ಗೌರವದಿಂದ ನೋಡಿದಳು. ಆ ಹುರುಪಿನಲ್ಲಿ "ಎಡಕ್ಕೆ ತಗೊ" ಎಂದೆ. ಅವನು ಹಳೆಯ ಕ್ಲೀನರನ ವಿಧೇಯತೆಯಿಂದ ತಿರುಗಿಸಲು ಹೊರಟು ಗಕ್ಕನೆ ಬ್ರೇಕ್ ಹಾಕಿದ. ಏಕಮುಖ ರಸ್ತೆ. ಮೂರು ಸಾಲು ಕಾರುಗಳು ಎದುರಿಗೆ ನಿಂತು ನಮ್ಮನ್ನು ನೋಡುತ್ತಿದ್ದವು. ಆಟದಲ್ಲಿ ಏಕಮುಖ ಗೀಕಮುಖಗಳನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಆಮೇಲೆ ಜಿಪಿಎಸ್ ನಮ್ಮನ್ನು ವ್ಯಾಕರ್ ಡ್ರೈವಿನ ಕೆಳ ಅಂತಸ್ತಿಗೆ ಇಳಿಸಿತು. ಅಲ್ಲಿ ರಸ್ತೆಯ ಕೆಳಗೆ ರಸ್ತೆ; ಸಿಗ್ನಲ್ ಸಿಗದೆ ಅದಕ್ಕೇ ತಲೆ ಸುತ್ತಿ ನಾವು ನದಿಯ ಮೇಲೆ ತೇಲುತ್ತಿರುವಂತೆ ತೋರಿಸತೊಡಗಿತು. "ಮಾವ, ಈಗ ಹೇಳಿ" ಎಂದ. ನನ್ನ ಜ್ಞಾನವೂ ಸರಿಯಾಗಿ ಅಲ್ಲೇ ಮುಗಿದಿತ್ತು.

ಕಾರನ್ನು ಕಣ್ಣು ಕುಕ್ಕುವ ದುಡ್ಡು ಕೊಟ್ಟು ನಿಲ್ಲಿಸಿ ನಡೆದೆವು. ಆಟದಲ್ಲಿ ನಾನು ಒಮ್ಮೆಯೂ ಪಾರ್ಕಿಂಗ್ ಹುಡುಕಿರಲಿಲ್ಲ, ಕಾರಿನಿಂದ ಇಳಿದೂ ಇರಲಿಲ್ಲ. ರಸ್ತೆ ದಾಟುವಾಗ ಒಬ್ಬ ಪುಣ್ಯಾತ್ಮ ನನಗೋಸ್ಕರ ಕಾರು ನಿಧಾನಿಸಿದ. ನಾನು ರೂಢಿಯಂತೆ ಚಂಗನೆ ಪಕ್ಕಕ್ಕೆ ಹಾರಿದೆ. ಅವನು ಗಾಬರಿಯಾಗಿ ಇಳಿದೇ ಬಂದ.

ಸೇತುವೆಯ ಹತ್ತಿರ ಬಂದಾಗ ಗಂಟೆ ಹೊಡೆಯಲು ಶುರುವಾಯಿತು. ಗೇಟು ಬಿತ್ತು. ಚಳಿಗಾಲದಲ್ಲಿ ಮೇಲೆತ್ತಿಟ್ಟ ಹಾಯಿದೋಣಿಗಳು ವಸಂತದಲ್ಲಿ ನದಿಯಿಂದ ಸರೋವರಕ್ಕೆ ಹೋಗುತ್ತವೆ. ಬುಧವಾರ, ಶನಿವಾರ ಅವುಗಳಿಗಾಗಿ ಸೇತುವೆಗಳು ಒಂದಾದ ಮೇಲೊಂದು ಏಳುತ್ತವೆ. ಟಾರು, ಹಳದಿ ಗೆರೆ, ದೀಪದ ಕಂಬ ಎಲ್ಲ ಸಮೇತ ರಸ್ತೆ ಮೆಲ್ಲಗೆ ಎದ್ದಿತು. ಏಳುತ್ತಾ ಹೋಗಿ, ಕೊನೆಗೆ ನಮ್ಮೆದುರು ಗೋಡೆಯಾಗಿ ನಿಂತಿತು. ಸಂದಿಗಳಲ್ಲಿದ್ದ ಚಳಿಗಾಲದ ಮರಳು ಸುರ್ರನೆ ಜಾರಿ ನಮ್ಮ ಕಡೆ ಬಿತ್ತು. ಉದ್ದನೆಯ ಪಟಸ್ತಂಭದ ದೋಣಿಗಳು ಸಾಲಾಗಿ ಸಾಗಿದವು. ನಮ್ಮ ಪಕ್ಕದಲ್ಲಿ ಒಂದು ಸಿಟಿ ಬಸ್ಸು ಬಂದು ನಿಂತಿತು. ಡ್ರೈವರಮ್ಮ ಎಂಜಿನ್ ನಿಲ್ಲಿಸಿ ಫ್ಲಾಸ್ಕಿನಿಂದ ಏನೋ ಬಗ್ಗಿಸಿಕೊಂಡರು. ಒಳಗೆ ಒಬ್ಬಾಕೆ ಹೆಣಿಗೆ ಹಾಕುತ್ತಿದ್ದಳು. ಯಾರಿಗೂ ಅವಸರವಿರಲಿಲ್ಲ.

"ಅಮ್ಮ, ಇದೇ ಸೇತುವೆ. ಮಾವ ಇದನ್ನ ಬಸ್ಸಲ್ಲಿ ಹಾರಿಸ್ತಿದ್ರು" ಎಂದ ಸೋದರಳಿಯ.

ಅಕ್ಕ ತಲೆಯೆತ್ತಿ ಎದ್ದು ನಿಂತ ರಸ್ತೆಯನ್ನು ನೋಡಿದಳು, ಬಸ್ಸನ್ನು ನೋಡಿದಳು, ನನ್ನನ್ನು ನೋಡಿದಳು.

"ದಾಟ್ತಿತ್ತೇನೋ?"

"ಹತ್ತರಲ್ಲಿ ಒಂದು ಸಲ. ಮಿಕ್ಕ ಒಂಬತ್ತು ಸಲ ನದಿಗೆ."

"ಬಸ್ಸಲ್ಲಿ ಜನ ಇದ್ರೇನೋ?"

ಇಪ್ಪತ್ಮೂರು ವರ್ಷಗಳಲ್ಲಿ ನಾನು ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ.