ಸದ್ದು ಪುಕ್ಕಟೆ

ಚೋರ್ ಬಜಾರಿನಲ್ಲಿ ಹಳೇ ಸಿ.ಡಿ. ಕೆದಕುವುದು ನನ್ನ ರಜಾದಿನದ ವ್ರತ. ಯುದ್ಧವಿಮಾನದ ಸಿನಿಮಾ ಕಂಡರೆ ಚೌಕಾಸಿಯೇ ಮರೆತುಹೋಗುತ್ತದೆ. ಚೇತನ್ ಆನಂದರ 1973ರ ‘ಹಿಂದೂಸ್ತಾನ್ ಕೀ ಕಸಮ್’ ಹಾಗೇ ಮನೆಗೆ ಬಂತು. ಶಶಿ ಕಪೂರ್ ನಿರ್ಮಿಸಿ, ಗೋವಿಂದ ನಿಹಲಾನಿ ನಿರ್ದೇಶಿಸಿದ 1982ರ ‘ವಿಜೇತಾ’ ಅಂತೂ ಎರಡು ಪ್ರತಿ. ಒಂದಕ್ಕೆ ಗೀರು ಬಿದ್ದು ಮಿಗ್ ವಿಮಾನ ಆಕಾಶದಲ್ಲೇ ನಿಂತುಬಿಡುತ್ತದೆ. 1969ರ ‘ಆರಾಧನಾ’ವನ್ನೂ ಅದೇ ಸಾಲಿಗೆ ಸೇರಿಸಿದ್ದೇನೆ.

“ಪೈಲಟ್ ಅಂತೀರಿ, ರಾಜೇಶ್ ಖನ್ನಾ ಜೀಪಲ್ಲಿ ಕೂತು ಹಾಡ್ತಾನಲ್ರೀ!” ಇದು ನನ್ನವಳ ತಕರಾರು.

ಇರಲಿ, ಸಮವಸ್ತ್ರವಾದರೂ ಇದೆಯಲ್ಲ.

ಟಿ.ವಿ. ಸ್ಪೀಕರ್ ಕೆಟ್ಟು ತಿಂಗಳಾಯಿತು, ರಿಪೇರಿ ಮಾಡಿಸಿಲ್ಲ. ನಮ್ಮದು ಕುರ್ಲಾ, ಇಳಿಯುವ ವಿಮಾನಗಳು ತಾರಸಿ ಸವರಿಕೊಂಡೇ ಹೋಗುತ್ತವೆ, ಸದ್ದು ಪುಕ್ಕಟೆ. ಆದರೆ ಹೊಂದಾಣಿಕೆ ಸಾಲದು. ಬಾಂಬು ಬೀಳುವಾಗ ಗಪ್‌ಚುಪ್, ನಾಯಕಿ ನಾಚುವಾಗ ಭರ್ರೋ!