ಡೂಪ್ಲಿಕೇಟ್ ರೇಡಿಯೇಟರ್ ಮೀಮಾಂಸೆ

ಸ್ವಸ್ತಿ. ಹೊಸಪೇಟೆಯ ಹಳೇ ಕಾರೊಂದಕ್ಕೆ ಹಿಂದೆಂದೋ ಅಗ್ಗಕ್ಕೆ ಸಿಕ್ಕಿತೆಂದು ಕೂರಿಸಿದ ಲೋಕಲ್ ರೇಡಿಯೇಟರನ್ನು ಈಗ ಬದಲಿಸಬೇಕೋ ಬೇಡವೋ ಎಂಬ ಜಿಜ್ಞಾಸೆಯೇ ಈ ಪ್ರಬಂಧದ ವಿಷಯ. ಹಂಪಿಯ ಮೇಲೆ ಕಪಾಟು ತುಂಬುವಷ್ಟು ಗ್ರಂಥಗಳು ಬಂದಿವೆ. ಹಂಪಿಗೆ ಹೊರಟ ಕಾರು ಕಮಲಾಪುರದಲ್ಲೇ ಯಾಕೆ ಕುದಿಯುತ್ತದೆ ಎಂಬುದರತ್ತ ಮಾತ್ರ ವಿದ್ವಜ್ಜನ ಕಣ್ಣೆತ್ತಿಯೂ ನೋಡಿಲ್ಲ.

ಈ ವಿಷಯದಲ್ಲಿ ಎರಡು ಮತಗಳಿವೆ: ಬದಲಿವಾದ ಮತ್ತು ನಡಿತೈತೆವಾದ. ಎರಡನೆಯದೇ ಪ್ರಾಚೀನ, ಅದಕ್ಕೇ ಅನುಯಾಯಿಗಳೂ ಹೆಚ್ಚು. ಅದರ ಮೂಲಸೂತ್ರ ಒಂದೇ: ‘ನಡಿತೈತೆ ಬಿಡ್ರಿ ಸಾರ್.’ ಮಿಸ್ತ್ರಿಗಳು ಇದಕ್ಕೆ ಬರೆದ, ಅಂದರೆ ಎಣ್ಣೆಗೈ ಒರೆಸಿಕೊಳ್ಳುತ್ತಾ ಹೇಳಿದ ಭಾಷ್ಯ: ‘ಇನ್ನೊಂದ್ ಬ್ಯಾಸಿಗಿ ಏನೂ ಆಗಲ್ಲ.’ ಸೋರಿದರೆ ಒಂದು ಚಿಟಿಕೆ ಅರಿಶಿನ ಪುಡಿ ಹಾಕಿ ಎಂಬ ವಿಧಿಯೂ ಉಂಟು. ಪುಡಿ ತೂತಿನಲ್ಲಿ ಸಿಕ್ಕಿಕೊಂಡು ಸೋರಿಕೆ ನಿಲ್ಲುತ್ತದೆ ನಿಜ. ತೂತಲ್ಲದ ಸಣ್ಣ ನಾಳಗಳಲ್ಲೂ ಅದೇ ಶ್ರದ್ಧೆಯಿಂದ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಭಾಷ್ಯಕಾರರು ಹೇಳುವುದಿಲ್ಲ.

ನಡಿತೈತೆವಾದಿಗಳ ಮುಖ್ಯ ಪ್ರಮಾಣ ಪ್ರತ್ಯಕ್ಷ. ಕಾರನ್ನು ಕಂಪ್ಲಿಗೆ ಒಯ್ಯುತ್ತಾರೆ. ದಾರಿಯುದ್ದಕ್ಕೂ ಸಮತಟ್ಟು ನೆಲ, ಕಾಲುವೆ, ಗದ್ದೆ, ತಣ್ಣನೆ ಗಾಳಿ. ಟೆಂಪರೇಚರ್ ಮುಳ್ಳು ಅರ್ಧದಲ್ಲಿ ನಿಂತಿದ್ದು ಕದಲುವುದಿಲ್ಲ. ‘ನೋಡ್ರಿ, ನಾ ಹೇಳಲಿಲ್ವಾ?’ ಇದನ್ನು ಶಾಸ್ತ್ರದಲ್ಲಿ ಕಂಪ್ಲಿ ಪ್ರಮಾಣ ಎನ್ನಬಹುದು. ಅದು ಸಾಬೀತು ಮಾಡುವುದು ಕಂಪ್ಲಿ ರಸ್ತೆಯ ಒಳ್ಳೆಯತನವನ್ನು, ರೇಡಿಯೇಟರಿನದನ್ನಲ್ಲ. ಆ ಮುಳ್ಳೂ ನಂಬಿಕಸ್ಥ ಸಾಕ್ಷಿಯಲ್ಲ. ನೀರು ಪೂರ್ತಿ ಸೋರಿಹೋದರೆ ಸೆನ್ಸರ್ ಒಣಗಾಳಿಯಲ್ಲಿ ನೇತಾಡತೊಡಗುತ್ತದೆ. ಆಗ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗಿಳಿದು ಶಾಂತಂ ಪಾಪಂ ಎಂದುಬಿಡಬಹುದು.

ಬದಲಿವಾದಿಗಳು ಅನುಮಾನ ಪ್ರಮಾಣದವರು, ಅವರದ್ದು ಸಂಡೂರು ರಸ್ತೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸುವುದು ನ್ಯಾಯಶಾಸ್ತ್ರದ ಮೊದಲ ಪಾಠ. ಏಪ್ರಿಲ್ ಮಧ್ಯಾಹ್ನ, ಎ.ಸಿ. ಚಾಲೂ, ಒಳಗೆ ಐದು ಜನ, ಮುಂದೆ ಅದಿರಿನ ಲಾರಿ, ಎರಡನೇ ಗೇರಿನಲ್ಲಿ ಸಂಡೂರಿನ ಏರು. ಬಾನೆಟ್ಟಿನಿಂದ ಬೆಳ್ಳಗೆ ಎದ್ದಿತು. ಹೊಗೆಯೆಂದು ಹಿಂದಿನ ಸೀಟಿನವರು ಕೂಗಿ ಇಳಿದು ಓಡಿದರೆ ಅದು ಹೇತ್ವಾಭಾಸ, ಯಾಕೆಂದರೆ ಎದ್ದದ್ದು ಹಬೆ. ‘ತರ್ಕತಾಂಡವ’ ಬರೆದ ವ್ಯಾಸತೀರ್ಥರು ಓಡಾಡಿದ ಸೀಮೆಯಲ್ಲಿ ಇಂಥ ತರ್ಕದೋಷ ಸಲ್ಲದು.

ಹಬೆ ಬಂತೆಂದ ಮಾತ್ರಕ್ಕೆ ರೇಡಿಯೇಟರೇ ಅಪರಾಧಿಯೂ ಅಲ್ಲ. ಮುಚ್ಚಳ ಸರಿಯಿದ್ದು ಒಳಗೆ ಸುಮಾರು 1 ಬಾರ್ ಒತ್ತಡ ಹಿಡಿದಿದ್ದರೆ ನೀರು 120 ಡಿಗ್ರಿಯ ಹತ್ತಿರದವರೆಗೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರು ಸತ್ತಿದ್ದರೆ ನೂರರ ಆಸುಪಾಸಿಗೇ ಕುದಿಯುತ್ತದೆ. ಸಾವಿರಗಟ್ಟಲೆ ರೂಪಾಯಿಯ ವಾಗ್ವಾದ ಎಷ್ಟೋ ಸಲ ಮುಚ್ಚಳದಲ್ಲೇ ಮುಗಿಯುತ್ತದೆ. ಫ್ಯಾನು, ಥರ್ಮೋಸ್ಟ್ಯಾಟ್ ನೋಡಿದ ಮೇಲಷ್ಟೇ ಆಪಾದಿತನ ವಿಚಾರಣೆ.

ವಿಚಾರಣೆಗೆ ಮೊದಲು ಉತ್ಖನನ ಆಗಬೇಕು. ಮುಂದಿನ ಜಾಲಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ, ಪುರಾತತ್ವದವರ ಸಹನೆಯಲ್ಲಿ ಕೆದಕಿದಾಗ ಕಂಡ ಸ್ತರಗಳಿವು. ಮೇಲೆ ಕಂಪ್ಲಿ ಕಾಲದ ಭತ್ತದ ಹೊಟ್ಟು, ಒಂದು ಚಿಟ್ಟೆಯ ಅರ್ಧ ರೆಕ್ಕೆ. ಅದರಡಿ ಹಂಪಿ ಕಾಲದ ಬೂದು ಮರಳು. ತಳದಲ್ಲಿ ಉಗುರಿಗೂ ಬಗ್ಗದ ಕೆಂಪು ಪದರ, ಅದು ಸಂಡೂರು ಕಾಲ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗಿನ ರೇಡಿಯೇಟರು ಯಾರ ಬಳಿಯಾದರೂ ಉಳಿದಿದ್ದರೆ ಅದರಲ್ಲೊಂದು ತೆಳು ಪದರ ಸಿಗಬೇಕು ಎಂಬುದು ನಮ್ಮ ಊಹೆ. ಸಂಶೋಧನ ವಿದ್ಯಾರ್ಥಿಗಳು ಗಮನಿಸಲಿ. ನೀರು ಬಿಟ್ಟು ತೊಳೆದ ಮೇಲೆ ಅಸಲು ಸಂಗತಿ ಕಂಡಿತು: ಕಂಪನಿಯದಕ್ಕಿಂತ ಇದರ ದಪ್ಪ ಕಡಿಮೆ, ಜಾಲಿ ವಿರಳ. ಬಿಸಿ ಬಿಟ್ಟುಕೊಡುವ ಮೈಯೇ ಕಡಿಮೆಯಿದ್ದರೆ ಏರಿನಲ್ಲಿ ಅದು ಮಾಡುವುದಾದರೂ ಏನು?

ಇನ್ನು ತತ್ತ್ವಭಾಗ. ಹಳೇ ಕಾಲದ ತಾಮ್ರ-ಹಿತ್ತಾಳೆ ರೇಡಿಯೇಟರ್ ವಿದ್ಯಾರಣ್ಯರ ಪಂಥದ್ದು, ಅದ್ವೈತಿ. ಹಿತ್ತಾಳೆಯೂ ತಾಮ್ರವೇ, ಸತುವೆಂಬ ಉಪಾಧಿಯಿಂದ ಬೇರೆಯಂತೆ ತೋರುತ್ತದೆ ಅಷ್ಟೆ. ಎಲ್ಲಿ ಸೋರಿದರೂ ಬೆಸುಗೆ ಹಾಕಿದರೆ ಭೇದ ಅಳಿಯುತ್ತದೆ. ಈಗಿನದು ವ್ಯಾಸತೀರ್ಥರ ಪಂಥ, ದ್ವೈತಿ. ನಡುವೆ ಅಲ್ಯೂಮಿನಿಯಂ, ಎರಡು ಬದಿಗೆ ಪ್ಲಾಸ್ಟಿಕ್ ಟ್ಯಾಂಕು, ಮಧ್ಯೆ ರಬ್ಬರ್ ಪಟ್ಟಿ, ಅಂಚು ಮಡಚಿ ಬಿಗಿದದ್ದು. ಬಿಸಿಗೆ ಎರಡೂ ಹಿಗ್ಗುತ್ತವೆ, ಆದರೆ ಒಂದೇ ಲೆಕ್ಕದಲ್ಲಲ್ಲ. ಈ ಭೇದ ನಿತ್ಯ, ಯಾವ ಬೆಸುಗೆಗೂ ಬಗ್ಗದು. ಕಂಪನಿ ಮಾಲೂ ದ್ವೈತಿಯೇ. ಆದರೆ ಅಗ್ಗದ ಮಾಲಿನಲ್ಲಿ ಪ್ಲಾಸ್ಟಿಕ್ ಬೇಗ ಪೆಡಸಾಗಿ ಮೊದಲು ಆ ಮಡಿಕೆಯಲ್ಲೇ ಬೆವರುತ್ತದೆ. ಮೇಲೆ ಎಂಸೀಲ್ ಮೆತ್ತುವುದು ಕೇವಲ ವ್ಯಾವಹಾರಿಕ ಸತ್ಯ.

ಉಪಮಾನ ಪ್ರಮಾಣಕ್ಕೆ ದೂರ ಹೋಗಬೇಕಿಲ್ಲ, ಊರ ಮಗ್ಗುಲಲ್ಲೇ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಭೋರ್ಗರೆಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ಅದನ್ನು ನಿಲ್ಲಿಸಿದ ಸಾಹಸಕ್ಕೆ ಎಷ್ಟು ಕೈಮುಗಿದರೂ ಕಡಿಮೆ. ಆದರೂ ‘ಇದೇ ನಡಿತೈತೆ ಬಿಡ್ರಿ’ ಎಂದು ಯಾರೂ ಅನ್ನಲಿಲ್ಲ. ಎಲ್ಲ ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. ಅಣೆಕಟ್ಟಿನ ಎಂಸೀಲನ್ನು ಎಂಸೀಲೆಂದೇ ತಿಳಿಯುವ ಊರು, ಕಾರಿನದಕ್ಕೆ ಬಂದಾಗ ಮೋಕ್ಷಸಾಧನವೆಂದು ಭಾವಿಸುತ್ತದೆ.

ಸಿದ್ಧಾಂತ ಹೀಗಿದೆ. ಜಾಲಿ ಕಟ್ಟಿದ್ದರೆ ತೊಳೆಯಿರಿ, ಮುಚ್ಚಳ ಸತ್ತಿದ್ದರೆ ಮುಚ್ಚಳ ತನ್ನಿ, ಬೋರ್‌ವೆಲ್ ನೀರು ತುಂಬಿದ್ದರೆ ಚೆಲ್ಲಿ ಕೂಲೆಂಟ್ ಹಾಕಿ. ಮಡಿಕೆಯಲ್ಲಿ ಬೆವರು ಕಂಡರೆ ಅಥವಾ ಏರಿನಲ್ಲಿ ಮಾತ್ರ ಮುಳ್ಳು ಏರುತ್ತಿದ್ದರೆ ಬದಲಿಸಿ, ಅದೂ ಬೇಸಿಗೆಗೆ ಮೊದಲು. ಇಲ್ಲವಾದರೆ ಸಿಲಿಂಡರ್ ಹೆಡ್ ಸೊಟ್ಟಗಾಗಿ, ಗ್ಯಾಸ್ಕೆಟ್ ಹೋಗಿ, ರೇಡಿಯೇಟರಿನಲ್ಲಿ ಉಳಿಸಿದ್ದರ ಎಷ್ಟೋ ಪಟ್ಟು ಹಣ ಎಂಜಿನ್ನಿಗೆ ಸುರಿಯಬೇಕಾಗುತ್ತದೆ.

ಇದನ್ನೆಲ್ಲ ಕಾರಿನ ಯಜಮಾನರ ಮುಂದೆ ವಿಸ್ತಾರವಾಗಿ ಮಂಡಿಸಿದ್ದಾಯಿತು. ಅವರು ತಲೆದೂಗಿ ಕೇಳಿ ಮೂರನೆಯ ಮತವೊಂದನ್ನು ಸ್ಥಾಪಿಸಿದರು: ಮಾರಾಟವಾದ. ಕಾರು ಈಗ ಮಾರಾಟಕ್ಕಿದೆ. ಟ್ರಯಲ್ ಕೇಳಿದವರನ್ನು ಅವರೇ ಖುದ್ದಾಗಿ ಕೂರಿಸಿಕೊಂಡು, ಬೆಳಗಿನ ತಂಪಿನಲ್ಲಿ, ಕಂಪ್ಲಿವರೆಗೆ ಹೋಗಿ ಬರುತ್ತಾರೆ.